ಒಂದೇ ಸಿನಿಮಾ, ಬೇರೆ ಬೇರೆ ಪ್ರಿಂಟು: ಅಣ್ಣಾವ್ರ ಚಿತ್ರಗಳ ವಾದ ಯಾಕೆ ಮುಗಿಯೋದಿಲ್ಲ

ಏಪ್ರಿಲ್ 12 ಬಂತು ಅಂದ್ರೆ ಗಂಗಾವತಿಯಲ್ಲಿ ನಮ್ಮ ಓಣಿಯ ಮೂಲೆಯ ಮಿರ್ಚಿ ಅಂಗಡಿ ಮುಂದೆ ಒಂದು ಕುರ್ಚಿ ಹಾಕುತ್ತಾರೆ. ಕುರ್ಚಿಯ ಮೇಲೆ ಅಣ್ಣಾವ್ರ ಫೋಟೋ. ಫೋಟೋಗೆ ಸೇವಂತಿಗೆ ಹಾರ, ಪಕ್ಕದಲ್ಲಿ ಎರಡು ಊದುಬತ್ತಿ. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡ ದಿನ ಅದು. ಇನ್ನು ಹನ್ನೆರಡು ದಿನಕ್ಕೆ, ಅಂದರೆ 24ಕ್ಕೆ, ಅವರ ಹುಟ್ಟುಹಬ್ಬ. ಹಾಗಾಗಿ ಹಾರ ಒಣಗಿದರೂ ಫೋಟೋ ಒಳಗೆ ಹೋಗೋದಿಲ್ಲ. ಅಷ್ಟು ದಿನವೂ ಸಂಜೆಯಾದರೆ ಒಗ್ಗರಣೆ, ಮಿರ್ಚಿ, ಸಿನಿಮಾ. ಬೇರೆ ಮಾತೇ ಇಲ್ಲ.

ಈ ಸಲ ವಾದ ಶುರುವಾಗಿದ್ದು ‘ಕಸ್ತೂರಿ ನಿವಾಸ’ದಿಂದ. ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ, ಆ ಸಿನಿಮಾದಲ್ಲಿ ಅಣ್ಣಾವ್ರು ಹಾಕಿದ ಕೋಟಿನ ಬಣ್ಣ ಎಷ್ಟು ಚೆಂದ ಅಂದ. ಬೆಂಚಿನ ತುದಿಯಲ್ಲಿ ಕೂತಿದ್ದ ಎಪ್ಪತ್ತು ದಾಟಿದ ಹಿರಿಯರು ತಟ್ಟೆ ಕೆಳಗಿಟ್ಟರು.

“ಏ ತಮ್ಮಾ, ಯಾವ ಬಣ್ಣ? ಅದು ಕಪ್ಪು-ಬಿಳುಪು ಪಿಕ್ಚರ್. ನಾ ಕಣ್ಣಾರೆ ನೋಡೀನಿ.”

“ಕಾಕಾ, ನಾನೂ ಟಾಕೀಸ್‌ನಾಗ ನೋಡೀನ್ರಿ. ಶಾಲಿಗೆ ಹೋಗೂ ಮುಂದ ನಮ್ಮಪ್ಪ ಬೆಂಗಳೂರಿಗೆ ಕರಕೊಂಡು ಹೋಗಿದ್ದ. ಪೂರಾ ಕಲರ್ ಐತಿ.”

ಇಬ್ಬರ ಮಾತೂ ನಿಜ. ದೊರೆ-ಭಗವಾನ್ ನಿರ್ದೇಶನದ ಆ ಚಿತ್ರ 1971ರಲ್ಲಿ ಬಂದಾಗ ಕಪ್ಪು-ಬಿಳುಪಿನಲ್ಲಿತ್ತು. 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಕಾಕಾ ನೋಡಿದ್ದು ಒಂದು, ಹುಡುಗ ನೋಡಿದ್ದು ಇನ್ನೊಂದು. ಇಬ್ಬರೂ ಒಂದೇ ಹೆಸರು ಹೇಳಿ ಬೇರೆ ಬೇರೆ ವಸ್ತುವಿನ ಬಗ್ಗೆ ವಾದ ಮಾಡುತ್ತಿದ್ದರು.

ಹಳೆ ಸಿನಿಮಾಗಳ ಬಗ್ಗೆ ಅಭಿಮಾನಿಗಳಲ್ಲಿ ನಡೆಯುವ ವಾದಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ ಅಂತ ನನಗೆ ಅನ್ನಿಸುತ್ತದೆ. ‘ಆ ಸೀನ್ ಇತ್ತು’, ‘ಇರಲಿಲ್ಲ’. ‘ನೂರು ದಿನ ಓಡಿತ್ತು’, ‘ಓಡಿಲ್ಲ’. ‘ಆ ಹಾಡು ಅವರೇ ಹಾಡಿದ್ದು’, ‘ಅಲ್ಲವೇ ಅಲ್ಲ’. ಇವಕ್ಕೆಲ್ಲ ಅಭಿಮಾನ ಕಾರಣ ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ಆದರೆ ಅದರ ಹಿಂದೆ ಫಿಲ್ಮ್ ಅನ್ನೋ ವಸ್ತು ಇದೆ. ಅದು ನಮ್ಮ ಊರಿಗೆ ಬಂದ ದಾರಿ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಸೋದರಮಾವ ಟೂರಿಂಗ್ ಟಾಕೀಸ್‌ನಲ್ಲಿ ಆಪರೇಟರ್ ಆಗಿದ್ದರು. ಕಾರಟಗಿ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಟೆಂಟ್ ಹಾಕುತ್ತಿದ್ದರು. ಚಿಕ್ಕವನಿದ್ದಾಗ ನಾನು ಅವರ ಪಕ್ಕ ಕ್ಯಾಬಿನ್‌ನಲ್ಲಿ ಕೂತು ನೋಡಿದ್ದೇ ಜಾಸ್ತಿ. ಅಲ್ಲಿಂದ ಪರದೆ ಸಣ್ಣದಾಗಿ ಕಾಣುತ್ತಿತ್ತು. ಆದರೆ ಸಿನಿಮಾ ಹೇಗೆ ಓಡುತ್ತದೆ ಅನ್ನೋದು ಕಾಣುತ್ತಿತ್ತು.

ಸಿನಿಮಾ ಬರುತ್ತಿದ್ದದ್ದು ತಗಡಿನ ಡಬ್ಬಗಳಲ್ಲಿ. ಒಂದು ಡಬ್ಬದಲ್ಲಿ ಒಂದು ರೀಲ್. ಒಂದು ರೀಲ್ ಅಂದರೆ ಸುಮಾರು 1,000 ಅಡಿ ಫಿಲ್ಮ್. ಒಂದು ಅಡಿಯಲ್ಲಿ 16 ಚಿತ್ರಗಳು ಇರುತ್ತವೆ. ಒಂದು ಸೆಕೆಂಡಿಗೆ 24 ಚಿತ್ರ ದೀಪದ ಮುಂದೆ ದಾಟಬೇಕು. ಲೆಕ್ಕ ಹಾಕಿದರೆ ಒಂದು ರೀಲ್ 11 ನಿಮಿಷಕ್ಕೆ ಮುಗಿಯುತ್ತದೆ. ಎರಡೂವರೆ ಗಂಟೆಯ ಸಿನಿಮಾಗೆ ಹದಿನಾಲ್ಕು ರೀಲಾದರೂ ಬೇಕು. ಅಷ್ಟನ್ನೂ ಬಿಚ್ಚಿ ರಸ್ತೆಯಲ್ಲಿ ಹಾಸಿದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ಗಂಗಾವತಿಯ ನಡುವಿನಿಂದ ಶುರು ಮಾಡಿದರೆ ರೈಸ್ ಮಿಲ್‌ಗಳನ್ನು ದಾಟಿ ಗದ್ದೆ ಮುಟ್ಟುತ್ತದೆ.

ಪಟ್ಟಣದ ಥಿಯೇಟರ್‌ಗಳಲ್ಲಿ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ಒಂದರಲ್ಲಿ ರೀಲ್ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಮುಂದಿನ ರೀಲ್ ಸಿದ್ಧ. ಯಾವಾಗ ಬದಲಿಸಬೇಕು ಅನ್ನೋದಕ್ಕೆ ಪರದೆಯ ಬಲ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕಿ ಮಿಂಚುತ್ತದೆ. ಮೊದಲ ಚುಕ್ಕಿ ಬಂದಾಗ ಎರಡನೇ ಮಷೀನಿನ ಮೋಟಾರ್ ಶುರು ಮಾಡಬೇಕು. ಏಳೆಂಟು ಸೆಕೆಂಡ್ ಬಿಟ್ಟು ಎರಡನೇ ಚುಕ್ಕಿ ಬರುತ್ತದೆ. ಆಗ ಬದಲಿಸಬೇಕು. ನೋಡುವವರಿಗೆ ಅದು ಗೊತ್ತೇ ಆಗೋದಿಲ್ಲ. ನಾನು ಇವತ್ತಿಗೂ ಹಳೆ ಸಿನಿಮಾ ನೋಡುವಾಗ ಆ ಮೂಲೆಯನ್ನೇ ಹುಡುಕುತ್ತೇನೆ.

ಟೆಂಟ್‌ನಲ್ಲಿ ಒಂದೇ ಪ್ರೊಜೆಕ್ಟರ್. ರೀಲ್ ಮುಗಿದ ಕೂಡಲೇ ಆಟ ನಿಲ್ಲುತ್ತಿತ್ತು. ಲೈಟ್ ಹಾಕಿ, ಹಳೆ ರೀಲ್ ತೆಗೆದು, ಹೊಸದು ಹಾಕಿ ಮತ್ತೆ ಶುರು. ಹಾಗಾಗಿ ನಮ್ಮ ಹಳ್ಳಿಯ ಹಿರಿಯರು ಸಿನಿಮಾ ಕತೆ ಹೇಳುವಾಗ ಗಮನಿಸಿ. “ಅಲ್ಲಿಗೆ ಒಂದು ರೀಲ್ ಆತು, ಆಮ್ಯಾಲೆ...” ಅಂತ ಹೇಳುತ್ತಾರೆ. ಅವರಿಗೆ ಕತೆ ನೆನಪಿರುವುದೇ ಹಾಗೆ, ತುಂಡು ತುಂಡಾಗಿ.

ಇನ್ನು ಫಿಲ್ಮ್ ಕಟ್ ಆಗುವುದು. ಒಂದೇ ಪ್ರಿಂಟ್, ಅಂದರೆ ಟಾಕೀಸ್‌ಗೆ ಕಳಿಸುವ ಫಿಲ್ಮಿನ ಪ್ರತಿ, ನೂರಾರು ಸಲ ಓಡಿದರೆ ಪಕ್ಕದ ತೂತುಗಳು ಹರಿಯುತ್ತವೆ. ಹರಿದ ಜಾಗವನ್ನು ಕತ್ತರಿಸಿ, ಒಂದು ತುದಿಯನ್ನು ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ, ಇನ್ನೊಂದು ತುದಿಯನ್ನು ಕೂರಿಸಿ ಒತ್ತಬೇಕು. ಮಾವ ಅದನ್ನು ಟಾರ್ಚ್ ಬೆಳಕಿನಲ್ಲೇ ಮಾಡುತ್ತಿದ್ದರು. ಬೆರಳ ತುದಿಯಿಂದ ತೂತು ಎಣಿಸಿ ಸರಿಯಾಗಿ ಕೂರಿಸುತ್ತಿದ್ದರು. ಎಷ್ಟೇ ಜಾಣತನದಿಂದ ಅಂಟಿಸಿದರೂ ಒಂದೆರಡು ಚಿತ್ರವಾದರೂ ಹೋಗಿಯೇ ಹೋಗುತ್ತದೆ. ಜಾಸ್ತಿ ಹರಿದಿದ್ದರೆ ಒಂದೆರಡು ಸೆಕೆಂಡೇ ಹೋಗುತ್ತದೆ. ಪ್ರತಿ ಊರಿನಲ್ಲೂ ಹೀಗೆ ಸ್ವಲ್ಪ ಸ್ವಲ್ಪ ಹೋದರೆ ಕೊನೆಗೆ ಒಂದು ಮಾತೇ ಇಲ್ಲ, ಒಂದು ನೋಟವೇ ಇಲ್ಲ ಅಂತಾಗುತ್ತದೆ. ರೀಲಿನ ಮೊದಲು ಮತ್ತು ಕೊನೆಯಲ್ಲೇ ಕೈ ಜಾಸ್ತಿ ತಾಗುತ್ತದೆ. ಅಲ್ಲೇ ಹರಿಯುವುದೂ ಜಾಸ್ತಿ.

ಇಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ಫಿಲ್ಮಿನ ಅಂಚಿನಲ್ಲಿ ಓಡುವ ಧ್ವನಿಯ ಪಟ್ಟಿ ಅದೇ ಚಿತ್ರದ ಪಕ್ಕದಲ್ಲಿ ಇರುವುದಿಲ್ಲ. ಸುಮಾರು 20 ಚಿತ್ರಗಳಷ್ಟು ಮುಂದೆ ಇರುತ್ತದೆ. ಯಾಕಂದ್ರೆ ಪ್ರೊಜೆಕ್ಟರ್‌ನಲ್ಲಿ ಚಿತ್ರ ತೋರಿಸುವ ಜಾಗ ಮೇಲೆ, ಧ್ವನಿ ಓದುವ ಜಾಗ ಕೆಳಗೆ. ಹಾಗಾಗಿ ಅಂಟಿಸಿದ ಜಾಗ ಬಂದಾಗ ಮೊದಲು ಚಿತ್ರ ಎಗರುತ್ತದೆ. ಸೆಕೆಂಡಿಗೂ ಸ್ವಲ್ಪ ಕಡಿಮೆ ಹೊತ್ತಿನಲ್ಲಿ ಮಾತು ಎಗರುತ್ತದೆ. ಮುಖ ಒಂದು ಕಡೆ, ಮಾತು ಒಂದು ಕಡೆ ಕಡಿದು ಹೋಗುತ್ತದೆ. ‘ಅಣ್ಣಾವ್ರು ಅಲ್ಲಿ ಏನೂ ಮಾತಾಡೋದಿಲ್ಲ, ಬರೀ ನೋಡ್ತಾರೆ’ ಅಂತ ಒಬ್ಬರು, ‘ಇಲ್ಲ, ಒಂದು ಮಾತು ಇದೆ’ ಅಂತ ಇನ್ನೊಬ್ಬರು ಹಟ ಹಿಡಿದರೆ, ಒಬ್ಬರು ಹೊಸ ಪ್ರಿಂಟ್ ನೋಡಿದ್ದಾರೆ, ಇನ್ನೊಬ್ಬರು ಹತ್ತಾರು ಊರು ಸುತ್ತಿ ಬಂದ ಪ್ರಿಂಟ್ ನೋಡಿರಬಹುದು.

ನಮ್ಮ ಕಡೆಗೆ ಬರುತ್ತಿದ್ದದ್ದು ಸಾಮಾನ್ಯವಾಗಿ ಸುತ್ತಿ ಬಂದ ಪ್ರಿಂಟೇ. ಒಂದು ಪ್ರಿಂಟ್ ಮಾಡಿಸುವುದು ದುಬಾರಿ ಕೆಲಸ. ಇದ್ದ ಕೆಲವೇ ಪ್ರಿಂಟ್‌ಗಳು ಮೊದಲು ದೊಡ್ಡ ಊರುಗಳಿಗೆ ಹೋಗುತ್ತಿದ್ದವು. ಅಲ್ಲಿ ಜನ ಕಡಿಮೆಯಾದ ಮೇಲೆ ಬಳ್ಳಾರಿ, ರಾಯಚೂರಿನಂಥ ಊರು. ಆಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ. ಕೊನೆಗೆ ಜಾತ್ರೆಯ ಟೆಂಟ್. ಟೆಂಟ್‌ಗೆ ಬರುವ ಹೊತ್ತಿಗೆ ಪರದೆಯ ಮೇಲೆ ಉದ್ದುದ್ದ ಗೆರೆ ಬಿದ್ದು ಮಳೆ ಸುರಿದ ಹಾಗೆ ಕಾಣುತ್ತಿತ್ತು. ‘ಪಿಕ್ಚರ್‌ನಾಗ ಮಳಿ ಬರಾಕತ್ತೈತಿ’ ಅಂತ ನೆಲದಲ್ಲಿ ಕೂತವರು ಕೂಗುತ್ತಿದ್ದರು.

ಬಣ್ಣದ ಚಿತ್ರಗಳ ಕತೆಯೂ ಹೀಗೇ. ಆ ಕಾಲದ ಬಣ್ಣದ ಪ್ರಿಂಟ್‌ಗಳಲ್ಲಿ ಮೂರು ಬಣ್ಣದ ಪದರ ಇರುತ್ತಿತ್ತು. ವರ್ಷ ಕಳೆದಂತೆ ನೀಲಿ-ಹಸಿರಿನ ಪದರ ಬೇಗ ಮಾಸುತ್ತಿತ್ತು. ಉಳಿದದ್ದು ಕೆಂಪು. 1970ರ ‘ಶ್ರೀ ಕೃಷ್ಣದೇವರಾಯ’ ಬಣ್ಣದ ಚಿತ್ರ. ಅಂಥ ಚಿತ್ರದ ಹೊಸ ಪ್ರಿಂಟ್ ನೋಡಿದವರಿಗೆ ರಾಜನ ಉಡುಪು ಝಗಮಗ. ಹತ್ತು-ಹದಿನೈದು ವರ್ಷದ ಮೇಲೆ ಜಾತ್ರೆಯಲ್ಲಿ ಹಳೆ ಪ್ರಿಂಟ್ ನೋಡಿದವರಿಗೆ ಅರಮನೆಯೂ ಕೆಂಪು, ಆಕಾಶವೂ ಕೆಂಪು.

ಈಗ ಕಪ್ಪು-ಬಿಳುಪಿಗೆ ಬಣ್ಣ ಹಚ್ಚುವ ವಿಷಯಕ್ಕೆ ಬರೋಣ. ಮಿರ್ಚಿ ಅಂಗಡಿಯ ವಾದ ಅದೇ ತಾನೆ? 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು. ಆಮೇಲೆ ‘ಕಸ್ತೂರಿ ನಿವಾಸ’. ಎರಡೂವರೆ ಗಂಟೆಯ ಸಿನಿಮಾದಲ್ಲಿ 2,16,000 ಚಿತ್ರಗಳಿರುತ್ತವೆ. ಅಷ್ಟಕ್ಕೂ ಕಂಪ್ಯೂಟರ್‌ನಲ್ಲಿ ಬಣ್ಣ ತುಂಬಬೇಕು. ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಯಾವ ಬಣ್ಣ ಅಂತ ಗೊತ್ತಾಗುವುದು ಹೇಗೆ? ಗೊತ್ತಾಗುವುದಿಲ್ಲ. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಉಳಿಯುವುದು ಎಷ್ಟು ಬೆಳಕು, ಎಷ್ಟು ಕತ್ತಲು ಅನ್ನೋದು ಮಾತ್ರ. ಒಂದು ಕೆಂಪು ಸೀರೆ, ಒಂದು ಹಸಿರು ಸೀರೆ ಎರಡೂ ಒಂದೇ ಬೂದು ಆಗಿ ಬೀಳಬಹುದು. ಆ ಕೋಟು ನಿಜವಾಗಿ ಯಾವ ಬಣ್ಣದ್ದು ಅಂತ ಫಿಲ್ಮ್ ಹೇಳುವುದಿಲ್ಲ. ಬಣ್ಣ ಹಚ್ಚುವವರು ಊಹೆ ಮಾಡಿ ಹಚ್ಚುತ್ತಾರೆ.

ಅದಕ್ಕಿಂತ ದೊಡ್ಡ ವಿಷಯ ಬೆಳಕಿನದು. ಕಪ್ಪು-ಬಿಳುಪಿನಲ್ಲಿ ಚಿತ್ರ ತೆಗೆಯುವವರಿಗೆ ಬೆಳಕು ಮತ್ತು ನೆರಳೇ ಬಣ್ಣ. ಮುಖದ ಒಂದು ಬದಿ ಬೆಳಗಿಸಿ ಇನ್ನೊಂದು ಬದಿ ಕತ್ತಲಲ್ಲಿ ಬಿಟ್ಟರೆ ಅದಕ್ಕೆ ಒಂದು ಅರ್ಥ ಇರುತ್ತದೆ. ‘ಕಸ್ತೂರಿ ನಿವಾಸ’ ಕೊಡುತ್ತಾ ಕೊಡುತ್ತಾ ಬರಿಗೈ ಆಗುವ ಮನುಷ್ಯನ ಕತೆ. ಆ ಮನೆ ಖಾಲಿಯಾಗುತ್ತಾ ಹೋದ ಹಾಗೆ ನೆರಳು ಮಾತಾಡುತ್ತದೆ. ಬಣ್ಣ ತುಂಬಿದ ಮೇಲೆ ಕಣ್ಣು ಗೋಡೆಗೆ, ಪರದೆಗೆ, ಬಟ್ಟೆಗೆ ಹೋಗುತ್ತದೆ. ನನ್ನ ಮಟ್ಟಿಗೆ ಆ ಸಿನಿಮಾ ಕಪ್ಪು-ಬಿಳುಪಿನದೇ. ಹಾಗಂತ ಬಣ್ಣದ ಪ್ರಿಂಟನ್ನು ನಾನು ಬೈಯುವುದಿಲ್ಲ. ಅದು ಬರದಿದ್ದರೆ ಆ ಹುಡುಗ ಅಣ್ಣಾವ್ರನ್ನು ದೊಡ್ಡ ಪರದೆಯಲ್ಲಿ, ನೂರಾರು ಜನರ ಜೊತೆ ಕೂತು ನೋಡುತ್ತಲೇ ಇರಲಿಲ್ಲ. ಅದು ಸಣ್ಣ ಮಾತಲ್ಲ.

ಒಂದು ಕಡೆ ಮಾತ್ರ ನನಗೆ ತುಂಬಾ ನೋವಾಗುತ್ತದೆ. ಹಳೆ ಚಿತ್ರಗಳ ಆಕಾರ ಹೆಚ್ಚುಕಡಿಮೆ ಹಳೆ ಟಿವಿಯ ಹಾಗೆ, ಚೌಕಕ್ಕೆ ಹತ್ತಿರ. ಇವತ್ತಿನ ಸಿನಿಮಾಸ್ಕೋಪ್ ಪರದೆ ಅದಕ್ಕಿಂತ ತುಂಬಾ ಅಗಲ. ಪರದೆ ಪೂರ್ತಿ ತುಂಬಬೇಕು ಅಂತ ಹಳೆ ಚಿತ್ರವನ್ನು ಹಿಗ್ಗಿಸಿದರೆ ಮೇಲೆ, ಕೆಳಗೆ ಸೇರಿ ಹತ್ತರಲ್ಲಿ ನಾಲ್ಕು ಪಾಲು ಹೊರಗೆ ಹೋಗುತ್ತದೆ. ಕುಣಿಯುವವರ ಕಾಲು ಕಾಣುವುದಿಲ್ಲ. ಕಿರೀಟದ ತುದಿ ಕಾಣುವುದಿಲ್ಲ. ಎಡಬಲಕ್ಕೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಚಿತ್ರ ತೋರಿಸಿದರೆ ಯಾರಿಗೂ ನಷ್ಟ ಇಲ್ಲ, ಅಲ್ವಾ?

ಈಗ ‘ನೂರು ದಿನ’. ಈ ವಾದದಲ್ಲಿ ಹೊಡೆದಾಟ ಆಗುವುದೊಂದು ಬಾಕಿ. ಹಳಬರು ‘ಬಂಗಾರದ ಮನುಷ್ಯ’ದ ಹೆಸರು ಹೇಳುತ್ತಾರೆ. 1972ರಲ್ಲಿ ಬಂದ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಥಿಯೇಟರ್‌ನಲ್ಲಿ ಸುಮಾರು ಎರಡು ವರ್ಷ ಓಡಿತು. ಹೊಸಬರು ಕೇಳುತ್ತಾರೆ, ಇವತ್ತಿನ ಸಿನಿಮಾ ಮೂರೇ ದಿನದಲ್ಲಿ ಕೋಟಿಗಟ್ಟಲೆ ಗಳಿಸುತ್ತದಲ್ಲ, ಅದು ದೊಡ್ಡದಲ್ವಾ ಅಂತ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಒಂದು ಲೆಕ್ಕ ನೋಡಿ. ಹಳೆ ಕಾಲದ ಒಂದು ಸಿನಿಮಾಗೆ 20 ಪ್ರಿಂಟ್ ಅಂತ ಸುಮ್ನೆ ಇಟ್ಟುಕೊಳ್ಳೋಣ. ದಿನಕ್ಕೆ 3 ಆಟ, ಆಟಕ್ಕೆ 600 ಜನ. ಎಲ್ಲ ಕಡೆ ಹೌಸ್‌ಫುಲ್ ಆದರೂ ದಿನಕ್ಕೆ 36,000 ಜನ. ನೂರು ದಿನಕ್ಕೆ 36 ಲಕ್ಷ. ಇವತ್ತಿನ ಸಿನಿಮಾ 300 ಪರದೆಯಲ್ಲಿ ಬಂತು, ದಿನಕ್ಕೆ 5 ಆಟ, ಆಟಕ್ಕೆ 300 ಜನ ಅಂತ ಇಟ್ಟುಕೊಂಡರೆ ದಿನಕ್ಕೆ ನಾಲ್ಕೂವರೆ ಲಕ್ಷ. ಅದೇ 36 ಲಕ್ಷ ಜನ ಎಂಟು ದಿನದಲ್ಲಿ ನೋಡಿ ಮುಗಿಸುತ್ತಾರೆ. ಅಂದರೆ ನೂರು ದಿನ ಓಡುವುದಕ್ಕೆ ಜನರ ಪ್ರೀತಿ ಕಾರಣ, ಪ್ರಿಂಟ್ ಕಡಿಮೆ ಇದ್ದದ್ದೂ ಕಾರಣ. ಜನ ಕಾಯಲೇಬೇಕಿತ್ತು. ಬಸ್ ಹತ್ತಿ ಇನ್ನೊಂದು ಊರಿಗೆ ಹೋಗಿ ನೋಡಬೇಕಿತ್ತು.

ಇದರಲ್ಲೂ ಒಳಪಂಗಡಗಳಿವೆ. ಒಂದೇ ಥಿಯೇಟರ್‌ನಲ್ಲಿ ದಿನದ ಎಲ್ಲ ಆಟವೂ ಓಡಿ ನೂರು ದಿನ ಮುಟ್ಟುವುದು ಒಂದು. ಐವತ್ತು ದಿನ ಒಂದು ಥಿಯೇಟರ್‌ನಲ್ಲಿ ಓಡಿ ಆಮೇಲೆ ಅದೇ ಊರಿನ ಇನ್ನೊಂದಕ್ಕೆ ಶಿಫ್ಟ್ ಆಗಿ ಒಟ್ಟು ನೂರು ಎನಿಸುವುದು ಇನ್ನೊಂದು. ಬೆಳಗಿನ ಒಂದೇ ಆಟ ಉಳಿಸಿಕೊಂಡು ದಿನ ಎಣಿಸುವುದು ಮತ್ತೊಂದು. ಯಾವ ಎಣಿಕೆ ಅಂತ ಕೇಳದೆ ವಾದಕ್ಕೆ ಇಳಿದರೆ ರಾತ್ರಿಯಾದರೂ ಮುಗಿಯುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳ ಅನ್ನುವ ನಮ್ಮ ಮೂರು ಜಿಲ್ಲೆಗಳ ವಾದಕ್ಕೆ ಇನ್ನೊಂದು ಬಣ್ಣ ಇದೆ. ಅದು ತೆಲುಗು. ‘ಬೇಡರ ಕಣ್ಣಪ್ಪ’ ಬಂದದ್ದು 1954ರಲ್ಲಿ. ಮುತ್ತುರಾಜು ಅನ್ನುವ ನಾಟಕ ಕಂಪನಿಯ ನಟ ರಾಜ್‌ಕುಮಾರ್ ಆದ ಚಿತ್ರ. ಆ ಹೊತ್ತಿಗೆ ಬಳ್ಳಾರಿ ಮದ್ರಾಸ್ ಕಡೆಯಿಂದ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅದು ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ರಾಯಚೂರು, ಕೊಪ್ಪಳ ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1956ರ ನವೆಂಬರ್ 1ರಂದು ಎಲ್ಲ ಒಂದಾದದ್ದು. ತೆಲುಗು ಸಿನಿಮಾ ವ್ಯಾಪಾರದವರು ಇವತ್ತಿಗೂ ರಾಯಲಸೀಮೆಗೆ ‘ಸೀಡೆಡ್’ ಅಂತಾರೆ, ತೆಲಂಗಾಣಕ್ಕೆ ‘ನಿಜಾಂ’ ಅಂತಾರೆ. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳು ಸೀಡೆಡ್. ಬಳ್ಳಾರಿಯೂ ಅದರಲ್ಲಿತ್ತು. ನಿಜಾಮನ ಕೈಯಲ್ಲೇ ಉಳಿದ ಸೀಮೆಯಲ್ಲಿ ರಾಯಚೂರು, ಕೊಪ್ಪಳ ಇದ್ದವು. ಹಾಗಾಗಿ ತೆಲುಗು ಸೀಮೆಯ ನಂಟು ನಮಗೆ ಹಳೆಯದು. ನಮ್ಮ ಹಿರಿಯರ ಮನೆಯಲ್ಲಿ ಒಂದು ಗೋಡೆಗೆ ಅಣ್ಣಾವ್ರು, ಇನ್ನೊಂದು ಗೋಡೆಗೆ ತೆಲುಗಿನ ನಟ ಎನ್‌ಟಿಆರ್.

ಅಲ್ಲಿಂದಲೇ ಹುಟ್ಟಿದ್ದು ನಮ್ಮ ಕಡೆಯ ದೊಡ್ಡ ವಾದ: ಯಾರ ಕೃಷ್ಣದೇವರಾಯ ಚೆನ್ನ? ಆನೆಗೊಂದಿ ಪಕ್ಕದಲ್ಲಿದೆ, ಹೊಳೆ ದಾಟಿದರೆ ಹಂಪಿ. ನಮಗೆ ಅವನು ಊರಿನ ರಾಜ. 1962ರ ತೆಲುಗಿನ ‘ಮಹಾಮಂತ್ರಿ ತಿಮ್ಮರುಸು’ವಿನಲ್ಲಿ ಎನ್‌ಟಿಆರ್ ರಾಯರಾಗಿದ್ದರು. 1970ರ ಕನ್ನಡದಲ್ಲಿ ಅಣ್ಣಾವ್ರು. ಆದರೆ ಹೆಸರನ್ನೇ ನೋಡಿ. ತೆಲುಗಿನದು ಮಂತ್ರಿಯ ಚಿತ್ರ. ತಿಮ್ಮರುಸುವಾಗಿ ಗುಮ್ಮಡಿ ಅದರ ನಡುಗಂಬ. ಕನ್ನಡದ್ದು ರಾಜನ ಹೆಸರಿನ ಚಿತ್ರ. ನಿರ್ದೇಶಕ ಬಿ.ಆರ್. ಪಂತುಲು ತಾವೇ ತಿಮ್ಮರುಸುವಾಗಿ ರಾಜನ ಪಕ್ಕ ನಿಂತರು. ಒಂದರಲ್ಲಿ ರಾಜ ಮಂತ್ರಿಯ ನೆರಳಲ್ಲಿ ನಡೆಯುತ್ತಾನೆ, ಇನ್ನೊಂದರಲ್ಲಿ ಮಂತ್ರಿ ರಾಜನ ಬೆಳಕಲ್ಲಿ ನಿಲ್ಲುತ್ತಾನೆ. ಪಾತ್ರದ ಅಳತೆಯೇ ಬೇರೆ ಇದ್ದಾಗ ನಟರನ್ನು ಹೋಲಿಸುವುದು ಸರಿಯಲ್ಲ. ನನ್ನನ್ನು ಒತ್ತಾಯ ಮಾಡಿದರೆ ನಾನು ಅಣ್ಣಾವ್ರ ಹೆಸರೇ ಹೇಳುತ್ತೇನೆ. ಕನ್ನಡದ ರಾಯನ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಅವರ ಬಾಯಿಂದ.

‘ಅಣ್ಣಾವ್ರು ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಮಾಡೇ ಇಲ್ಲ’ ಅನ್ನುವ ಮಾತೂ ಬರುತ್ತದೆ. ಹೆಚ್ಚುಕಡಿಮೆ ನಿಜ. ಒಂದೇ ಒಂದು ಬಿಟ್ಟು. ಕಣ್ಣಪ್ಪನ ಕತೆಯನ್ನೇ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಅಂತ ಮಾಡಿದಾಗ ಅದೇ 1954ರಲ್ಲಿ ಅವರೇ ಕಣ್ಣಪ್ಪ ಆದರು. ಎಚ್.ಎಲ್.ಎನ್. ಸಿಂಹ ಅವರೇ ಎರಡಕ್ಕೂ ನಿರ್ದೇಶಕರು. ಬಳ್ಳಾರಿಯ ಹಳಬರೊಬ್ಬರು ‘ಅವರ ತೆಲುಗು ಕೇಳೀನಿ’ ಅಂದರೆ ನಂಬಿ.

ಹಾಡಿನ ವಾದವೂ ಇದೇ ಥರದ್ದು. ‘ಅಣ್ಣಾವ್ರು ತಮ್ಮ ಹಾಡು ತಾವೇ ಹಾಡುತ್ತಿದ್ದರು’ ಅಂತ ಚಿಕ್ಕವರು, ‘ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದದ್ದು’ ಅಂತ ಹಿರಿಯರು. ಗಡಿ ಇರುವುದು 1974ರ ‘ಸಂಪತ್ತಿಗೆ ಸವಾಲ್’ ಹತ್ತಿರ. ಅಲ್ಲಿಂದ ಮುಂದೆ ಅವರ ಹಾಡು ಅವರ ಕಂಠದಲ್ಲೇ ಬರಲು ಶುರುವಾಯಿತು. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯೇ ಬಂತು. ಅದಕ್ಕಿಂತ ಹಿಂದೆ ಹಾಡೇ ಇರಲಿಲ್ಲವೇ ಅಂದರೆ ಇತ್ತು. 1956ರ ‘ಓಹಿಲೇಶ್ವರ’ದಲ್ಲೇ ಅವರು ಹಾಡಿದ್ದರು. ಇನ್ನು ‘ಬೇಡರ ಕಣ್ಣಪ್ಪ’ದಲ್ಲಿ ಕಣ್ಣಪ್ಪ ಶಿವನನ್ನು ಕರೆದು ಹಾಡುವ ಹಾಡು ಇದೆಯಲ್ಲ, ಅದು ಪಿ.ಬಿ. ಶ್ರೀನಿವಾಸ್ ಅವರದ್ದೂ ಅಲ್ಲ, ಅಣ್ಣಾವ್ರದ್ದೂ ಅಲ್ಲ. ಸಿ.ಎಸ್. ಜಯರಾಮನ್ ಅವರದ್ದು. ಎಷ್ಟೋ ಸಲ ಹೇಳಿದರೂ ನಮ್ಮ ಅಂಗಡಿಯಲ್ಲಿ ಇದನ್ನು ನಂಬುವವರು ಕಡಿಮೆ. ಮುಖಕ್ಕೂ ಕಂಠಕ್ಕೂ ಅಷ್ಟು ಗಟ್ಟಿ ಗಂಟು ಬಿದ್ದಿದೆ.

‘ಸಂಪತ್ತಿಗೆ ಸವಾಲ್’ ನಮ್ಮ ಕಡೆಯವರಿಗೆ ಇನ್ನೊಂದು ಕಾರಣಕ್ಕೆ ಹತ್ತಿರ. ಅದು ಮೊದಲು ನಾಟಕ. ಪಿ.ಬಿ. ಧುತ್ತರಗಿ ಬರೆದದ್ದು, ಉತ್ತರ ಕರ್ನಾಟಕದ ಕಂಪನಿಗಳು ಆಡಿದ್ದು. ‘ನಾ ಮೊದಲು ನಾಟಕ ನೋಡೀನಿ, ಆಮ್ಯಾಲೆ ಪಿಕ್ಚರ್’ ಅಂತ ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ನಾಟಕದ ಕಿವಿ ಇರುವವರು ಸಿನಿಮಾವನ್ನು ಕಣ್ಣಿಗಿಂತ ಕಿವಿಯಿಂದ ಜಾಸ್ತಿ ನೋಡುತ್ತಾರೆ. ಬಳ್ಳಾರಿ ರಾಘವರು ನಡೆದಾಡಿದ ನೆಲ ಇದು. ಊರೂರಿಗೆ ಬಯಲಾಟ. ಮೈಕ್ ಇಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿಗೆ ಮಾತು ಮುಟ್ಟಿಸಬೇಕಿತ್ತು. ಅದಕ್ಕೆ ಮಾತನ್ನು ಎಳೆದು, ತೂಗಿ, ಎದೆಯಿಂದ ಎಸೆಯುತ್ತಿದ್ದರು. ಅಣ್ಣಾವ್ರೂ, ಅವರ ತಂದೆ ಪುಟ್ಟಸ್ವಾಮಯ್ಯನವರೂ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಅದನ್ನೇ ಕಲಿತವರು. 1977ರ ‘ಬಭ್ರುವಾಹನ’ದಲ್ಲಿ ಅಪ್ಪ ಅರ್ಜುನನೂ ಅವರೇ, ಮಗ ಬಭ್ರುವಾಹನನೂ ಅವರೇ. ಇಬ್ಬರೂ ಎದುರುಬದುರು ನಿಂತು ಮಾತಿಗೆ ಮಾತು ಬೀಸುವ ಕಡೆ ಆ ರಂಗದ ಎದೆಬಲ ಪೂರ್ತಿ ಕೇಳುತ್ತದೆ. ‘ಕಸ್ತೂರಿ ನಿವಾಸ’ದಲ್ಲಿ ಅದೇ ಮನುಷ್ಯ ಅರ್ಧ ಧ್ವನಿಯಲ್ಲಿ ಮಾತಾಡುತ್ತಾರೆ. ಯಾವುದು ದೊಡ್ಡ ನಟನೆ ಅಂತ ಕೇಳಿದರೆ ರಂಗದ ಕಿವಿಯವರು ಒಂದು ಹೇಳುತ್ತಾರೆ, ಟಿವಿಯಲ್ಲಿ ಹತ್ತಿರದಿಂದ ಮುಖ ನೋಡಿ ಬೆಳೆದವರು ಇನ್ನೊಂದು ಹೇಳುತ್ತಾರೆ.

ರಾಯಚೂರಿನವರಲ್ಲಿ ಮಾತ್ರ ಒಂದು ಚಿತ್ರದ ಬಗ್ಗೆ ವಾದವೇ ಇಲ್ಲ. 1966ರ ‘ಮಂತ್ರಾಲಯ ಮಹಾತ್ಮೆ’. ಹೊಳೆಯ ಆಚೆ ಮಂತ್ರಾಲಯ, ಈಚೆ ಪಂಚಮುಖಿ. ರಾಘವೇಂದ್ರ ರಾಯರಾಗಿ ಅಣ್ಣಾವ್ರು ಬಂದಾಗ ಎಷ್ಟೋ ಜನ ಪರದೆಗೆ ಕೈ ಮುಗಿದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಅಜ್ಜಿ ಚಪ್ಪಲಿ ಹೊರಗೆ ಬಿಟ್ಟು ಟಾಕೀಸ್ ಒಳಗೆ ಹೋಗಿದ್ದರಂತೆ.

ಈಗ ಡಬ್ಬ ಬರುವುದಿಲ್ಲ. ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲಿ ಬರುತ್ತದೆ, ಇಲ್ಲವೇ ಸ್ಯಾಟಲೈಟ್ ಮೂಲಕ ಇಳಿಯುತ್ತದೆ. ಒಂದು ಕೀ ಕೊಟ್ಟರೆ ತೆರೆಯುತ್ತದೆ. 2025ರ ಮಾರ್ಚ್‌ನಲ್ಲಿ ಪುನೀತ್ ಅವರ ಐವತ್ತನೇ ಹುಟ್ಟುಹಬ್ಬಕ್ಕೆ ‘ಅಪ್ಪು’ ಮತ್ತೆ ಬಂದಾಗ ಹೀಗೇ ಬಂತು. 2002ರಲ್ಲಿ ರೀಲಿನಲ್ಲಿ ಓಡಿದ್ದ ಚಿತ್ರ ಅದು. ಈ ಸಲ ಬೆಂಗಳೂರಿನಲ್ಲಿ ಕಂಡದ್ದೇ ಬಳ್ಳಾರಿಯಲ್ಲೂ ಕಾಣಬೇಕು. ಗೆರೆ ಇಲ್ಲ, ಅಂಟು ಇಲ್ಲ, ‘ಮಳಿ’ ಇಲ್ಲ. ಅಪ್ಪುವನ್ನು ಕಳೆದುಕೊಂಡು ಅತ್ತ ನಮ್ಮ ಹುಡುಗರು ಮುಂದೊಂದು ದಿನ 2025ರ ಆ ಆಟದ ಬಗ್ಗೆ ವಾದ ಮಾಡಿದರೆ, ಎಲ್ಲರೂ ಒಂದೇ ಚಿತ್ರದ ಬಗ್ಗೆ ಮಾಡುತ್ತಾರೆ.

ಆದರೆ ಹಳೆ ಚಿತ್ರವನ್ನು ಡಿಜಿಟಲ್ ಮಾಡುವಾಗ ಎಲ್ಲಿಂದ ತೆಗೆಯುತ್ತಾರೆ? ಪ್ರಿಂಟ್‌ಗಳಿಗೆಲ್ಲ ತಾಯಿಯಾದ ಮೂಲ ನೆಗೆಟಿವ್ ಚೆನ್ನಾಗಿದ್ದರೆ ಅದರಿಂದ. ಅದು ಹಾಳಾಗಿದ್ದರೆ ಎಲ್ಲೋ ಉಳಿದ ಒಂದು ಪ್ರಿಂಟ್‌ನಿಂದ. ಆ ಪ್ರಿಂಟ್ ಯಾವ ಊರುಗಳಲ್ಲಿ ಸುತ್ತಿತ್ತೋ, ಯಾವ ಆಪರೇಟರ್ ಎಲ್ಲಿ ಕತ್ತರಿಸಿ ಅಂಟಿಸಿದ್ದನೋ, ಅದೆಲ್ಲ ಹಾಗೇ ಉಳಿಯುತ್ತದೆ. ಹೋದ ಮಾತು ಹೋಯಿತು. ಪೂರ್ತಿ ಹೋದವೂ ಇವೆ. 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಪ್ರಿಂಟ್ ಇವತ್ತು ಇಲ್ಲ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಓಡಿ ಮುಗಿದ ಪ್ರಿಂಟ್‌ಗಳನ್ನು ಆ ಬೆಳ್ಳಿಗೋಸ್ಕರ ಕರಗಿಸಿಬಿಡುತ್ತಿದ್ದರು. ಹಾಗಾಗಿ ‘ಆ ಸೀನ್ ಇತ್ತು, ನಾ ನೋಡೀನಿ’ ಅನ್ನುವ ಹಿರಿಯರನ್ನು ನಾನು ಈಗ ತಡೆಯುವುದಿಲ್ಲ. ಯಾವ ವರ್ಷ, ಯಾವ ಊರು, ಟಾಕೀಸೋ ಟೆಂಟೋ ಅಂತ ಕೇಳಿ ಬರೆದುಕೊಳ್ಳುತ್ತೇನೆ. ಆ ನೋಟ ಉಳಿದಿರುವುದು ಅವರ ತಲೆಯಲ್ಲಿ ಮಾತ್ರವೇ ಇರಬಹುದು.

ಅವತ್ತು ಕಾಕಾಗೂ ಅದನ್ನೇ ಕೇಳಿದೆ. ಅವರು ನೋಡಿದ್ದು ಮದುವೆಯಾದ ಹೊಸದರಲ್ಲಿ, ಸಿಂಧನೂರಿನ ಹತ್ತಿರದ ಒಂದು ಜಾತ್ರೆಯಲ್ಲಂತೆ. ಕೊನೆ ರೀಲ್. ಕೊಟ್ಟು ಕೊಟ್ಟು ಬರಿಗೈ ಆದ ಮನುಷ್ಯನ ಮನೆಗೆ ನಾಯಕಿ ಬರುತ್ತಾಳೆ. ಕಾಯಿಲೆ ಬಿದ್ದ ಮಗುವಿಗೋಸ್ಕರ ಪಾರಿವಾಳ ಕೇಳಲು. ಆ ಪಾರಿವಾಳವನ್ನೇ ಅವಳ ಊಟಕ್ಕೆ ಅಡುಗೆ ಮಾಡಿಸಿ ಆಗಿದೆ. ಸರಿಯಾಗಿ ಅಷ್ಟೊತ್ತಿಗೆ ಪ್ರೊಜೆಕ್ಟರ್‌ನ ಕಾರ್ಬನ್ ಕಡ್ಡಿ ಸವೆದು ಪರದೆ ಮಂಕಾಯಿತಂತೆ. ಕಾರ್ಬನ್ ದೀಪ ಹಾಗೆಯೇ. ಎರಡು ಕಡ್ಡಿಗಳ ನಡುವೆ ಕಿಡಿ ಉರಿಯಬೇಕು. ಕಡ್ಡಿ ಸವೆದಂತೆ ಹತ್ತಿರ ತರುತ್ತಿರಬೇಕು. ಆಪರೇಟರ್ ಕೈಮರೆತರೆ ಬೆಳಕು ಇಳಿಯುತ್ತದೆ.

“ಯಾರೂ ಕೂಗಲಿಲ್ಲ ನೋಡಪ್ಪಾ. ಸೀಟಿ ಇಲ್ಲ, ಏನಿಲ್ಲ. ಕತ್ತಲಾಗ ಬರೇ ಅಳೂದು ಕೇಳ್ತಿತ್ತು. ಆಪರೇಟರ್ರೂ ಅಳಾಕತ್ತಿದ್ದ ಅಂತ ಆಮ್ಯಾಲೆ ಗೊತ್ತಾತು.”

ಹುಡುಗ ಮೊಬೈಲ್ ಜೇಬಿಗೆ ಇಟ್ಟುಕೊಂಡು ಅವರ ಪಕ್ಕಕ್ಕೆ ಸರಿದು ಕೂತ.

“ಕಾಕಾ, ಆ ಪಾರಿವಾಳ ನಿಮಗ ಯಾವ ಬಣ್ಣ ಕಂಡಿತ್ರಿ?”

“ಬಿಳೇದು.”

“ನನಗೂ ಬಿಳೇದೇರಿ.”